ಸಂತೆಯ ಮಚ್ಚು, ಸೋಲಿಂಗನ್ನಿನ ಚಾಕು

ಅಗ್ಗದ ಚಾಕು ಹತ್ತು ಕೊಳ್ಳುವ ಬದಲು ಹಣ ಕೂಡಿಟ್ಟು ಒಳ್ಳೆಯದೊಂದನ್ನು ಕೊಂಡರೆ ಸಾಕು ಎಂಬ ಮಾತು ಈಗ ಯಾರೂ ಪ್ರಶ್ನಿಸದ ವಿವೇಕವಾಗಿ ಚಲಾವಣೆಯಲ್ಲಿದೆ. ಜರ್ಮನಿಯ ಸೋಲಿಂಗನ್, ಜಪಾನಿನ ಸಾಕಾಯ್, ಸೇಕಿ ಎಂಬ, ಚಾಕುವಿಗೆ ಹೆಸರಾದ ದೂರದೂರುಗಳ ಹೆಸರನ್ನು ಗೌರವದಿಂದ ಹೇಳುವವರು ಹಾಸನದ ಹೊಸ ಬಡಾವಣೆಗಳಲ್ಲೂ ಸಿಗುತ್ತಾರೆ. ಅವರು ತೋರಿಸುವ ಚಾಕು ನಿಜಕ್ಕೂ ಚೆಂದ. ಅಲಗಿನ ನಯ, ಹಿಡಿಯ ತೂಕ, ಟೊಮೆಟೊ ಸಿಪ್ಪೆಯೊಳಗೆ ಅದು ಇಳಿಯುವ ರೀತಿ ಎಲ್ಲವೂ ಹೊಗಳಿಕೆಗೆ ಅರ್ಹ. ಆದರೆ ಆ ಚಾಕುವಿನ ಹೆಸರಿನಲ್ಲಿ ಸಂತೆಯ ಕಬ್ಬಿಣವನ್ನು ಕೀಳೆಂದು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ. ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿರುವ, ಬಿಡಿಬಿಡಿಯಾಗಿ ಕತ್ತಿ ಮಚ್ಚು ಕೂಡಿಸಿಕೊಳ್ಳುವ ರೂಢಿಯೇ ಹೆಚ್ಚು ತಿಳಿವಳಿಕೆಯದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಒಕ್ಕಲು ಮನೆಗಳಲ್ಲಿ ಯಾರೂ ಇದನ್ನು ಸಂಗ್ರಹ ಎನ್ನುವುದಿಲ್ಲ. ಆದರೂ ಅದು ಸಂಗ್ರಹವೇ. ಒಲೆಯ ಬದಿಗೆ ಈಳಿಗೆಮಣೆ, ಬಾಗಿಲ ಹಿಂದೆ ಎಳನೀರು ಕೆತ್ತುವ ಮಚ್ಚು, ಸೂರಿಗೆ ಸಿಕ್ಕಿಸಿದ ಎರಡು ಮೂರು ಕುಡುಗೋಲು, ಬಾಡು ಕೊಚ್ಚುವ ಕತ್ತಿ, ಸೌದೆಗೆ ಕೊಡಲಿ, ಜಾತ್ರೆಯಲ್ಲಿ ಕೊಂಡ ಮರದ ಹಿಡಿಯ ಚಾಕು. ಒಂದೊಂದೂ ಬೇರೆ ಬೇರೆ ವರ್ಷ, ಬೇರೆ ಬೇರೆ ಅಗತ್ಯಕ್ಕೆ, ಕೆಲವು ನೂರು ರೂಪಾಯಿಗೆ ಮನೆ ಸೇರಿದ್ದು. ಚನ್ನರಾಯಪಟ್ಟಣದ ತೆಂಗಿಗೆ ಬೇಕಾದ ಅಲಗು ಹೊಳೆನರಸೀಪುರದ ನಾಲೆ ಬಯಲಿನ ಭತ್ತಕ್ಕೆ ಆಗದು. ಅರಕಲಗೂಡಿನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಸವರುವ ಮಚ್ಚಿನಿಂದ ಉಪ್ಸಾರಿನ ಸೊಪ್ಪು ಹೆಚ್ಚಲಾಗದು. ಎಲ್ಲಕ್ಕೂ ಒಂದೇ ಶ್ರೇಷ್ಠ ಅಲಗು ಎಂಬ ಕಲ್ಪನೆ, ನಿಂತುಕೊಂಡು ಹಲಗೆಯ ಮೇಲೆ ಮೆತ್ತನೆಯ ತರಕಾರಿಯನ್ನೂ ಮೂಳೆ ತೆಗೆದ ಮಾಂಸವನ್ನೂ ಹೆಚ್ಚುವ ಅಡುಗೆಮನೆಯದು. ಜಪಾನಿನ ತೆಳು ಚಾಕುವಿನ ಬಾಯಿಯನ್ನು ಒಂದೊಂದು ಬದಿಗೆ ಸುಮಾರು 15 ಡಿಗ್ರಿ ಕೋನದಲ್ಲಿ ಮಸೆದಿರುತ್ತಾರೆ. ಅದರ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 60ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಅಂಥ ಬಾಯಿ ತೆಂಗಿನ ಚಿಪ್ಪಿಗೆ ತಗುಲಿದರೆ ಚಕ್ಕೆ ಹಾರುತ್ತದೆ. ಮೂಳೆ ಮುಟ್ಟಿಸಬೇಡಿ ಎಂದು ಮಾರುವವರೇ ಎಚ್ಚರಿಸುತ್ತಾರೆ.

ಬೆಲೆಯ ಪರವಾಗಿ ಮೊದಲು ಕೇಳಿಬರುವುದು ಉಕ್ಕಿನ ವಾದ. ಹೆಸರಾಂತ ಜರ್ಮನ್ ಅಡುಗೆ ಚಾಕುಗಳ ಅಲಗಿನ ಮೇಲೆ ಎಕ್ಸ್50ಸಿಆರ್‌ಎಂಒವಿ15 ಎಂಬ ಗುರುತು ಸಾಮಾನ್ಯವಾಗಿ ಕಾಣುತ್ತದೆ. ಅದರಲ್ಲಿನ 50 ಎಂದರೆ ಸುಮಾರು ಶೇ. 0.5 ಇಂಗಾಲ, 15 ಎಂದರೆ ಶೇ. 15ರಷ್ಟು ಕ್ರೋಮಿಯಂ. ನಮ್ಮ ಕುಲುಮೆಗೆ ಬರುವುದು ಗುಜರಿಯಿಂದ ತಂದ ಲಾರಿ, ಬಸ್ಸುಗಳ ಹಳೆಯ ಸ್ಪ್ರಿಂಗ್ ಪಟ್ಟಿ. ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗಬೇಕಾದ ಆ ಉಕ್ಕಿನಲ್ಲಿ ಇಂಗಾಲ ಶೇ. 0.5ರಿಂದ 0.6ರವರೆಗೆ ಇರುತ್ತದೆ. ಉಕ್ಕು ಎಷ್ಟು ಗಡಸಾಗಬಲ್ಲದು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಈ ಇಂಗಾಲವೇ. ಅಂದಮೇಲೆ ಈ ವಿಷಯದಲ್ಲಿ ಅರಕಲಗೂಡಿನ ಮಚ್ಚು ಸೋಲಿಂಗನ್ನಿನ ಚಾಕುವಿಗಿಂತ ಬಡವೇನಲ್ಲ. ಹತ್ತು ಪಟ್ಟು ಹಣ ಕೊಟ್ಟಾಗ ನಮಗೆ ಸಿಗುವುದು ಹೆಚ್ಚಾಗಿ ತುಕ್ಕು ಹಿಡಿಯದ ಗುಣ, ನಯವಾದ ಸಾಣೆಗೆಲಸ, ಕೈಗೆ ಒಪ್ಪುವ ಹಿಡಿ. ಜಪಾನಿನ ದುಬಾರಿ ಉಕ್ಕುಗಳ ವಿಷಯ ಬೇರೆ. ಅವುಗಳಲ್ಲೊಂದಾದ ವಿಜಿ-10ರಲ್ಲಿ ಇಂಗಾಲ ಸುಮಾರು ಶೇ. 1, ಅದು ಹೆಚ್ಚು ಗಡಸಾಗುತ್ತದೆ, ಮೊನಚನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಹಾಗೆಯೇ ಬೇಗ ಸಿಡಿಯುತ್ತದೆ ಕೂಡ.

ಇಂಗಾಲ ಇದ್ದಷ್ಟಕ್ಕೆ ಅಲಗು ಆಗದು. ಹದ ಆಗಬೇಕು. ಸಂತೆಯ ಕಬ್ಬಿಣವನ್ನು ಒರಟು ಎಂದು ತಳ್ಳಿಹಾಕುವವರು ಒಮ್ಮೆಯೂ ಗಮನವಿಟ್ಟು ನೋಡದ ಕ್ರಿಯೆ ಇದು.

ಕುಲುಮೆಯನ್ನು ತಗ್ಗಿನ ಮಾಡಿನ ಕೆಳಗೆ, ಮಬ್ಬುಗತ್ತಲಲ್ಲಿ ಹೂಡುವುದಕ್ಕೆ ಕಾರಣವಿದೆ. ಕಮ್ಮಾರನಿಗೆ ಕಾವು ತಿಳಿಯುವುದು ಬಣ್ಣದಿಂದ, ಬಿಸಿಲಿನಲ್ಲಿ ಆ ಬಣ್ಣ ಮೋಸ ಮಾಡುತ್ತದೆ. ಪಟ್ಟಿ ಮೊದಲು ಕಡುಗೆಂಪಾಗುತ್ತದೆ, ಆಮೇಲೆ ಹಣ್ಣುಗೆಂಪಿಗೆ ತಿರುಗುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಹದಕ್ಕೆ ಬೇಕಾದ ಕಾವು ಅದಕ್ಕಿಂತ ತುಸು ಮೇಲೆ, 800ರಿಂದ 850ರ ನಡುವೆ. ಅಲ್ಲಿಂದ ಮುಂದಿನ ಕೆಲವು ಕ್ಷಣಗಳಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ. ಬಲ್ಲ ಕಮ್ಮಾರ ಅಲಗನ್ನು ಇಡಿಯಾಗಿ ನೀರಿಗೆ ಮುಳುಗಿಸುವುದಿಲ್ಲ. ಬಾಯಿಯ ಅಂಚನ್ನಷ್ಟೇ ನೀರಿಗೆ ತಾಗಿಸಿ, ಬೆನ್ನಿನ ಕಾವನ್ನು ಉಳಿಸಿಕೊಳ್ಳುತ್ತಾನೆ. ಸ್ಪ್ರಿಂಗ್ ಉಕ್ಕು ಮೂಲತಃ ಎಣ್ಣೆಯಲ್ಲಿ ಹದಗೊಳ್ಳುವಂಥದ್ದು, ಇಡಿಯಾಗಿ ತಣ್ಣೀರಿಗೆ ಬಿದ್ದರೆ ಸೀಳಿಹೋಗಬಹುದು. ಅಂಚು ಮಾತ್ರ ನೆನೆದಾಗ ಆ ಅಪಾಯ ಕಡಿಮೆ. ಕೂಡಲೇ ಅಂಚನ್ನು ಕಲ್ಲಿಗೆ ಉಜ್ಜಿ ಒಂದಿಷ್ಟು ಹೊಳಪು ತಂದು, ಕಣ್ಣು ಕೀಲಿಸಿ ಕಾಯುತ್ತಾನೆ. ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆಗೆ ಹರಿದು ಬರುವಾಗ ಆ ಹೊಳಪಿನ ಮೇಲೆ ಬಣ್ಣಗಳು ಓಡುತ್ತವೆ. ಸುಮಾರು 220 ಡಿಗ್ರಿಗೆ ತಿಳಿಹಳದಿ, ಆಮೇಲೆ ಕಂದು, ನೇರಳೆ, 300ರ ಹೊತ್ತಿಗೆ ನೀಲಿ. ಹಳದಿಯಲ್ಲೇ ನಿಲ್ಲಿಸಿದರೆ ಬಾಯಿ ಗಡಸು, ಹೊಡೆತ ತಾಳದು. ನೇರಳೆಗೆ ಬಿಟ್ಟರೆ ಹೊಡೆತ ತಾಳುತ್ತದೆ, ಮೊನಚು ಬೇಗ ಹೋಗುತ್ತದೆ. ಚಾಕುವಿಗೆ ಒಂದು ಬಣ್ಣ, ಮಚ್ಚಿಗೆ ಇನ್ನೊಂದು, ಕೊಡಲಿಗೆ ಮತ್ತೊಂದು. ಬೇಕಾದ ಬಣ್ಣ ಅಂಚಿಗೆ ಮುಟ್ಟಿದ ಕ್ಷಣ ಮತ್ತೆ ನೀರು ತೋರಿಸುತ್ತಾನೆ, ಅಲ್ಲಿಗೆ ಹದ ನಿಲ್ಲುತ್ತದೆ.

ಒಂದೇ ಕಾವಿನಲ್ಲಿ ಗಡಸು ಮಾಡುವುದನ್ನೂ ಆ ಗಡಸನ್ನು ಪಳಗಿಸುವುದನ್ನೂ ಮುಗಿಸುವ ಈ ಕ್ರಮದಿಂದ ಬಾಯಿ ಗಟ್ಟಿ, ಬೆನ್ನು ಬಾಗುವಂಥ ಅಲಗು ಸಿಗುತ್ತದೆ. ಜಪಾನಿನ ಚಾಕುಗಳಲ್ಲೇ ಅತಿ ದುಬಾರಿಯ ಸಾಲಿಗೆ ಸೇರುವ ಹೋನ್ಯಾಕಿ ಎಂಬ ಬಗೆಯಲ್ಲಿ ಅಲಗಿನ ಬೆನ್ನಿಗೆ ಜೇಡಿಮಣ್ಣು ಮೆತ್ತಿ ಹದ ಹಾಕುತ್ತಾರೆ. ಉದ್ದೇಶ ಅದೇ: ಬಾಯಿ ಗಡಸಾಗಲಿ, ಬೆನ್ನು ಮೆತ್ತಗಿರಲಿ. ಅಲ್ಲಿ ಅದಕ್ಕೆ ಕಲೆ ಎಂಬ ಮನ್ನಣೆಯಿದೆ, ತಕ್ಕ ಬೆಲೆಯೂ ಇದೆ. ಇಲ್ಲಿ ಸಂತೆಯ ಗೋಣಿತಾಟಿನ ಮೇಲೆ ಅದೇ ತತ್ವದ ಅಲಗನ್ನು ಇಟ್ಟವನೊಡನೆ ಐವತ್ತು ರೂಪಾಯಿಗೆ ಚೌಕಾಸಿ ನಡೆಯುತ್ತದೆ. ಎರಡರ ನಯ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡರ ಹಿಂದಿನ ಲೋಹಜ್ಞಾನ ಒಂದೇ ಜಾತಿಯದು ಎಂದು ಖಚಿತವಾಗಿ ಹೇಳುತ್ತೇನೆ.

ಕಣ್ಣಳತೆಯ ಕೆಲಸವಾದ್ದರಿಂದ ಎಲ್ಲ ಅಲಗೂ ಒಂದೇ ಸಮ ಬರುವುದಿಲ್ಲ. ಮೋಡ ಕವಿದ ದಿನದ ಹದ ಬೇರೆ, ಸಂಜೆಯ ಹದ ಬೇರೆ. ಯಾವ ಪಟ್ಟಿ ಯಾವ ಲಾರಿಯದೋ, ಅದರ ಉಕ್ಕಿನ ಬಗೆ ಯಾವುದೋ. ದುಬಾರಿ ಚಾಕುವಿನ ಪರ ಇರುವ ನಿಜವಾದ ವಾದ ಇದೇ: ಕಾರ್ಖಾನೆಯ ಕುಲುಮೆ ಕಾವನ್ನು ಅಳೆದು ನಡೆಸುತ್ತದೆ, ನೂರನೆಯ ಅಲಗೂ ಮೊದಲನೆಯದರಂತೆಯೇ ಇರುತ್ತದೆ. ಸಂತೆಯ ಅಲಗುಗಳಲ್ಲಿ ಒಂದಕ್ಕೊಂದು ವ್ಯತ್ಯಾಸ ಇರುವುದರಿಂದಲೇ ನಮ್ಮ ಮನೆಗಳಲ್ಲಿ ಕತ್ತಿಗಳು ಹಲವಾದವು. ನಾಲ್ಕು ಕುಡುಗೋಲಿನಲ್ಲಿ ಒಂದು ಎಲ್ಲರ ಕೈಗೂ ಬೇಕಾಗುತ್ತದೆ, ಸೊಸೆ ಅದನ್ನು ಬೇರೆಡೆ ಎತ್ತಿಡುತ್ತಾಳೆ, ಅತ್ತೆ ಅದನ್ನೇ ಹುಡುಕುತ್ತಾಳೆ. ಉಳಿದ ಮೂರು ಒರಟು ಕೆಲಸಕ್ಕೆ ಇಳಿಯುತ್ತವೆ. ಕಡಿಮೆ ಬೆಲೆಗೆ ಹಲವು ಕೊಂಡು, ಬಳಸಿ, ಒಳ್ಳೆಯದನ್ನು ಆರಿಸಿಕೊಳ್ಳುವ ಈ ಕ್ರಮ ಹುಚ್ಚು ಖರ್ಚೆಂದು ಅನಿಸಬಹುದು. ನನಗೆ ಇದು ಪರೀಕ್ಷೆ ಎಂದು ತೋರುತ್ತದೆ. ಕಾರ್ಖಾನೆಯಲ್ಲಿ ಆಗುವ ಪರೀಕ್ಷೆ ಇಲ್ಲಿ ಮನೆಯಲ್ಲಿ ಆಗುತ್ತದೆ.

ಹಲವು ಚಾಕು ಏಕೆ ಬೇಕೆಂಬುದಕ್ಕೆ ಹಾಸನದ ಆಲೂಗೆಡ್ಡೆಯನ್ನೇ ನೋಡಿ. ಜಲಂಧರದ ಕಡೆಯಿಂದ ಬಿತ್ತನೆ ಗೆಡ್ಡೆ ಬಂದಿಳಿದ ಮೇಲೆ, ಮುಂಗಾರಿನ ಬಿತ್ತನೆಗೆ ಮುಂಚೆ, ಕಣ್ಣು ಉಳಿಯುವಂತೆ ಗೆಡ್ಡೆಯನ್ನು ಹೋಳು ಮಾಡುವ ಕೆಲಸಕ್ಕೆ ಮನೆ ಮಂದಿಯೆಲ್ಲ ಕೂರುತ್ತಾರೆ. ಐದಾರು ಕೈಗೆ ಐದಾರು ಚಾಕು ಬೇಕು. ಅಷ್ಟೇ ಅಲ್ಲ. ರೋಗ ತಗುಲಿದ ಒಂದು ಗೆಡ್ಡೆ ಕತ್ತರಿಸಿದ ಚಾಕು ಸೊರಗು ರೋಗದ ಬ್ಯಾಕ್ಟೀರಿಯವನ್ನು ಮುಂದಿನ ಗೆಡ್ಡೆಗಳಿಗೂ ಹಚ್ಚಬಲ್ಲದು. ಅದಕ್ಕೇ ಚಾಕುವನ್ನು ಆಗಾಗ ಸೋಂಕುನಾಶಕ ದ್ರಾವಣಕ್ಕೆ ಅದ್ದಬೇಕು ಎನ್ನುತ್ತಾರೆ. ಒಬ್ಬೊಬ್ಬರಿಗೂ ಎರಡೆರಡು ಇದ್ದರೆ ಒಂದು ನೆನೆಯುತ್ತಿರುವಾಗ ಇನ್ನೊಂದರಿಂದ ಕೆಲಸ ಸಾಗುತ್ತದೆ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಹೊತ್ತುಗಟ್ಟಲೆ ನೆನೆದರೆ ತುಕ್ಕು ಹಿಡಿಯದ ಉಕ್ಕಿನಲ್ಲೂ ಗುಳಿ ಬೀಳುತ್ತದೆ. ಹತ್ತು ಸಾವಿರದ ಚಾಕುವನ್ನು ಈ ಕೆಲಸಕ್ಕೆ ಇಳಿಸುವವರು ಯಾರು? ಹೊಲದ ಆರೋಗ್ಯ ಇಲ್ಲಿ ನಿಂತಿರುವುದು ಅಗ್ಗದ ಚಾಕುಗಳು ಕೈತುಂಬ ಇರುವುದರ ಮೇಲೆ.

ಈಗ ನನ್ನ ಪಕ್ಷದವರೇ ಎನಿಸಿಕೊಳ್ಳುವ ಕೆಲವರೊಡನೆ ಜಗಳವಿದೆ. ಹಳ್ಳಿಯ ಮಚ್ಚನ್ನು ಹೊಗಳಲು ಹೊರಟವರು ಎರಡನೆಯ ವಾಕ್ಯಕ್ಕೇ ಡಮಾಸ್ಕಸ್ಸಿನ ಕತ್ತಿಗೆ ಹಾರುತ್ತಾರೆ. ಜಗತ್ತಿಗೆ ಉಕ್ಕು ಕೊಟ್ಟ ನೆಲ ನಮ್ಮದು, ನಮ್ಮ ಕಮ್ಮಾರ ಆ ಪರಂಪರೆಯ ಕುಡಿ, ಆದ್ದರಿಂದ ಅವನ ಮಚ್ಚು ಶ್ರೇಷ್ಠ ಎಂಬುದು ಅವರ ತರ್ಕ. ಆ ಕತ್ತಿಗಳಿಗೆ ಒದಗಿತೆನ್ನುವ ನಮ್ಮ ಮೂಸೆ ಉಕ್ಕಿನ ಇತಿಹಾಸ ದೊಡ್ಡದು, ನಿಜ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದರ ತಯಾರಿಕೆಯನ್ನು ವಿವರವಾಗಿ ಬರೆದಿಟ್ಟ. ಮೆದು ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ, ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸುತ್ತಿದ್ದರು. ಸೌದೆ ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಲಂಡನ್ನಿನಲ್ಲಿ ಜಾರ್ಜ್ ಪಿಯರ್ಸನ್ 1795ರಲ್ಲೇ ಅದರ ಬಗ್ಗೆ ಪ್ರಬಂಧ ಮಂಡಿಸಿದ್ದ. ಮೈಕೆಲ್ ಫ್ಯಾರಡೆಯಂಥವನೂ ಅದರ ಗುಟ್ಟು ಹುಡುಕಿದ. ಆದರೆ ಆ ಉಕ್ಕಿನಲ್ಲಿ ಇಂಗಾಲ ಶೇ. 1ರಿಂದ 2ರ ನಡುವೆ. ಇಂದಿನ ಮಚ್ಚಿನದು ಸುಮಾರು ಅದರ ಅರ್ಧ ಅಥವಾ ಅದಕ್ಕೂ ಕಡಿಮೆ, ಅದೂ ಲಾರಿಯಿಂದ ಬಂದದ್ದು. ಮೂಸೆ ಉಕ್ಕಿನ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲೇ ಕುಸಿಯಿತು. ನಡುವೆ ಕಡಿದ ದಾರವನ್ನು ಭಾಷಣದಿಂದ ಜೋಡಿಸಲಾಗದು.

ಇದೇ ಬಳಗದವರು ಬೇಲೂರು, ಹಳೇಬೀಡಿನ ಕೆತ್ತನೆಯನ್ನು ತೋರಿಸಿ, ಇಂಥ ಕುಸುರಿಗೆ ಎಂಥ ಉಳಿಗಳಿದ್ದಿರಬೇಕು ಎನ್ನುವುದುಂಟು. ಆ ಬಳಪದ ಕಲ್ಲು ಮೆದು. ಅಲ್ಲಿ ಮೆಚ್ಚಬೇಕಾದದ್ದು ಕೈ ಮತ್ತು ಕಣ್ಣು. ಉಳಿಯ ಉಕ್ಕಿನ ಬಗ್ಗೆ ಆ ಗೋಡೆಗಳು ಹೆಚ್ಚೇನೂ ಸಾಕ್ಷಿ ಹೇಳುವುದಿಲ್ಲ. ಇಂಥ ಹೊಗಳಿಕೆಯಿಂದ ಕಮ್ಮಾರನಿಗೆ ನಷ್ಟವೇ ಹೆಚ್ಚು. ಗುಜರಿ ಪಟ್ಟಿಯೊಂದನ್ನು, ಅದರ ಉಕ್ಕಿನ ಹೆಸರೂ ಗೊತ್ತಿಲ್ಲದೆ, ಕಾಯಿಸಿ ಬಡಿದು ನೋಡಿ ಅದಕ್ಕೆ ತಕ್ಕ ಹದ ಕಂಡುಕೊಳ್ಳುವ ಅವನ ಇಂದಿನ ಜಾಣ್ಮೆ ಅವರ ಕಣ್ಣಿಗೇ ಬೀಳುವುದಿಲ್ಲ. ಹೆಸರಿನ ವ್ಯಾಮೋಹದಲ್ಲಿ ಅವರೂ ಸೋಲಿಂಗನ್ ಭಕ್ತರೂ ಒಂದೇ. ಇಬ್ಬರೂ ಕೈಯಲ್ಲಿರುವ ಅಲಗನ್ನು ಪರೀಕ್ಷಿಸದೆ ಅದರ ಕುಲ ಕೇಳುತ್ತಾರೆ.

ಸಂತೆಯ ಅಲಗಿನ ದೋಷಗಳನ್ನೂ ಹೇಳಬೇಕು. ಬಾಳೆಕಾಯಿ, ಬಾಳೆಹೂವು, ಮಾವಿನಕಾಯಿಗೆ ಅದು ಕಪ್ಪಾಗುತ್ತದೆ, ಹೆಚ್ಚಿದ ಹೋಳನ್ನೂ ಕಪ್ಪಾಗಿಸುತ್ತದೆ. ಒರೆಸದೆ ಬಿಟ್ಟರೆ ಒಂದೇ ರಾತ್ರಿಗೆ ತುಕ್ಕು. ಹಿಡಿ ಸಡಿಲವಾಗುತ್ತದೆ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ: ಕುಲುಮೆ ಹತ್ತಿರವಿಲ್ಲದಿದ್ದರೆ ಈ ಇಡೀ ರೂಢಿಗೆ ಅರ್ಥವೇ ಉಳಿಯುವುದಿಲ್ಲ.

ಹಳೆಯ ಆಯದ ಪದ್ಧತಿಯಲ್ಲಿ ಕಮ್ಮಾರನಿಗೆ ಸುಗ್ಗಿಯಲ್ಲಿ ಕಣದಿಂದ ಕಾಳು ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ಅವನು ವರ್ಷವಿಡೀ ಕುಡುಗೋಲಿಗೆ ಹಲ್ಲು ಹಾಕಿಕೊಡುತ್ತಿದ್ದ, ಮೊಂಡಾದ ಗುಳ ತಟ್ಟಿಕೊಡುತ್ತಿದ್ದ, ಹದ ತಪ್ಪಿದ ಮಚ್ಚನ್ನು ಮತ್ತೆ ಬೆಂಕಿಗೆ ಇಡುತ್ತಿದ್ದ. ಅಂದರೆ ಒಕ್ಕಲು ಕೊಟ್ಟ ಬೆಲೆ ಅಲಗಿನ ಮೊನಚು ಕಾಯುವುದಕ್ಕೆ ಸಲ್ಲುತ್ತಿತ್ತು. ಆ ಪದ್ಧತಿಯ ಜಾತಿಕಟ್ಟಿನ ಅನ್ಯಾಯ ಮತ್ತೆ ಬರಬಾರದು. ಆದರೆ ಅದು ಹೋದಾಗ ಮೊನಚು ಕಾಯುವ ವ್ಯವಸ್ಥೆಯೂ ಹೋಯಿತು. ಈಗ ಹೆದ್ದಾರಿ ಬದಿಯಲ್ಲಿ ಗುಡಾರ ಹಾಕುವ ಉತ್ತರದ ಲೋಹಾರ ಕುಟುಂಬಗಳು ಮಚ್ಚು, ಕೊಡಲಿ ಬಡಿದು ಮಾರುತ್ತವೆ. ಭಾರದ ಸುತ್ತಿಗೆ ಬೀಸುವವರು ಹೆಚ್ಚಾಗಿ ಹೆಂಗಸರು. ಕೆಲಸ ಗಟ್ಟಿ, ಆದರೆ ಮುಂದಿನ ತಿಂಗಳು ಅವರು ಅಲ್ಲಿರುವುದಿಲ್ಲ. ಊರಿನ ಕುಲುಮೆ ಉಳಿಯದೆ ಹೋದರೆ, ಮಸೆಗಲ್ಲು ಮುಟ್ಟದ ಹತ್ತು ಮೊಂಡು ಚಾಕುಗಳಿಗಿಂತ ದುಬಾರಿಯ ಒಂದೇ ಮೇಲು ಎಂದು ನಾನೂ ಒಪ್ಪಬೇಕಾಗುತ್ತದೆ.

2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರಿಕೆಯೂ ಸೇರಿ 18 ಕಸುಬುಗಳಿವೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ, ಅಂದರೆ ಜಪಾನಿನ ಒಂದು ಒಳ್ಳೆಯ ಚಾಕುವಿನ ಬೆಲೆಯಷ್ಟು. ನೆರವು ಬೇಕಾದದ್ದೇ, ಆದರೆ ಕಮ್ಮಾರನಿಗೆ ಅದಕ್ಕಿಂತ ಹೆಚ್ಚಾಗಿ ಬೇಕಿರುವುದು ತನ್ನ ಅಲಗಿನ ಗುಣಕ್ಕೆ ಪುರಾವೆ. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಗಡಸುತನ ಅಳೆಯುವ ರಾಕ್‌ವೆಲ್ ಯಂತ್ರ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಆ ವಿದ್ಯಾರ್ಥಿಗಳು ನಾಲ್ಕು ತಾಲ್ಲೂಕಿನ ಕುಲುಮೆಗಳಿಂದ ಒಂದೊಂದು ಮಚ್ಚು, ಒಂದೊಂದು ಕುಡುಗೋಲು ತಂದು, ಜೊತೆಗೊಂದು ಸೋಲಿಂಗನ್ ಚಾಕುವನ್ನೂ ಇಟ್ಟು, ಬಾಯಿಯ ಗಡಸೆಷ್ಟು, ಬೆನ್ನಿನ ಗಡಸೆಷ್ಟು ಎಂದು ಅಳೆದು, ಆ ಅಂಕಿಗಳನ್ನು ಕಮ್ಮಾರರ ಕೈಗೆ ಕೊಡಲಿ.