ಬುತ್ತಿಯ ಖಡಕ್ ರೊಟ್ಟಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ದಿನವಿಡೀ ದುಡಿಯುವವರಿಗೆ ಜೋಳದ ರೊಟ್ಟಿಯ ಬುತ್ತಿಯಷ್ಟು ಒಗ್ಗುವ ಊಟ ಮತ್ತೊಂದಿಲ್ಲ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದಬೇಕು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿದರೆ ಉಬ್ಬುತ್ತದೆ. ಎಣ್ಣೆಯ ಹನಿಯೂ ಬೇಡ. ತೇವವೆಲ್ಲ ಆರುವಂತೆ ಸುಟ್ಟ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟುವವರ ಗಂಟಿನಲ್ಲೂ ಅದೇ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಎರಡು ರೊಟ್ಟಿ ತಿಂದರೆ ಬಹಳ ಹೊತ್ತು ಹಸಿವಾಗದು. ಜೊತೆಗೆ ಮಡಕಿಕಾಳಿನ ಪಲ್ಯ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಒಂದು ಚಮಚ ಶೇಂಗಾ ಹಿಂಡಿ. ಬಿಸಿ ಮಾಡುವ ಗೊಡವೆಯೇ ಇಲ್ಲ. ಕಚೇರಿಯ ಡಬ್ಬಿಗೂ ಇದೇ ಸೈ. ಇದನ್ನು ಬಡಿಯುವ ಕೈಗಳಿಗೆ ಶರಣು.