ಯುದ್ಧಚಿತ್ರದಲ್ಲಿ ಕಾಲದ ನಡೆ

ಯುದ್ಧವನ್ನು ವಸ್ತುವಾಗುಳ್ಳ ಚಲಚ್ಚಿತ್ರದಲ್ಲಿ ಪ್ರೇಕ್ಷಕನು ಮೊದಲು ನಿರೀಕ್ಷಿಸುವುದು ಕಾಳಗವನ್ನು. ಗುಂಡಿನ ಸದ್ದು ತಡವಾದಷ್ಟೂ ಅವನ ಬೇಸರ ಹೆಚ್ಚುವುದು. ಲೂಯಿಸ್ ಮೈಲ್‌ಸ್ಟೋನನು ನಿರ್ದೇಶಿಸಿದ 1945ರ ‘ಎ ವಾಕ್ ಇನ್ ದಿ ಸನ್’ ಎಂಬ ಹಾಲಿವುಡ್ ಚಿತ್ರವು ಇಂತಹ ಪ್ರೇಕ್ಷಕನಿಗೆ ಬಹಳ ನಿಧಾನವೆಂದು ತೋರುವುದು ಸಹಜ. ಆದರೆ ಆ ನಿಧಾನದಲ್ಲಿಯೇ ಅದರ ಸತ್ಯವಿರುವುದು. ಅದರ ದೋಷವನ್ನು ಬೇರೆಡೆಯಲ್ಲಿ ಹುಡುಕಬೇಕು.

ಹ್ಯಾರಿ ಬ್ರೌನನ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಕಥೆಯೆನ್ನುವಷ್ಟು ಕಥೆಯಿಲ್ಲ. 1943ರ ಸೆಪ್ಟೆಂಬರಿನಲ್ಲಿ ಇಟಲಿಯ ಸಲೆರ್ನೊ ತೀರಕ್ಕೆ ಇಳಿದ ಅಮೆರಿಕನ್ ಸೈನಿಕರ ತುಕಡಿಯೊಂದು ಆರು ಮೈಲಿ ನಡೆದು, ಒಂದು ಸೇತುವೆಯನ್ನು ಕೆಡವಿ, ಪಕ್ಕದ ತೋಟದ ಮನೆಯನ್ನು ಹಿಡಿಯಬೇಕು. ಇಷ್ಟೆ. ದಡ ಸೇರುವ ಮುನ್ನವೇ ನಾಯಕನು ದೋಣಿಯಲ್ಲಿ ಗಾಯಗೊಳ್ಳುವನು. ತೀರದ ಮಹಾಸಂಗ್ರಾಮವು ಕಣ್ಣಿಗೆ ಬೀಳುವುದೇ ಇಲ್ಲ. ದಿಬ್ಬದಾಚೆಯ ಗರ್ಜನೆಯಾಗಿ ಕಿವಿಗೆ ಮಾತ್ರ ಬರುವುದು. ಇದರಿಂದ ನಿರ್ಮಾಪಕರಿಗೆ ಖರ್ಚೂ ಉಳಿದಿರಬಹುದು! ಆದರೂ ಸಾಮಾನ್ಯ ಸೈನಿಕನಿಗೆ ಯುದ್ಧವು ತಿಳಿಯುವುದು ಹೀಗೆಯೇ ಅಲ್ಲವೆ? ಸೇನಾಪತಿಯ ನಕ್ಷೆ ಅವನ ಮುಂದೆ ಇರುವುದಿಲ್ಲ. ಅವನಿಗಿರುವುದು ಕಾಯುವಿಕೆ, ನಡಿಗೆ, ಮತ್ತೆ ಕಾಯುವಿಕೆ.

ಈ ನಡೆಯ ಔಚಿತ್ಯವು ಪೋರ್ಟರನೆಂಬ ಸಾರ್ಜೆಂಟನ ಪಾತ್ರದಲ್ಲಿ ಚೆನ್ನಾಗಿ ತಿಳಿಯುವುದು. ಮೇಲಿನವರು ಇಲ್ಲವಾದ ಮೇಲೆ ಹೊಣೆಯು ಅವನ ಹೆಗಲಿಗೆ ಬರುವುದು. ಅವನಿಗೆ ಗುಂಡು ತಗಲುವುದಿಲ್ಲ. ಹೆಜ್ಜೆಹೆಜ್ಜೆಗೂ ಅವನ ಧೈರ್ಯ ಸವೆಯುತ್ತ ಹೋಗಿ, ಕಡೆಗೆ ಅವನು ನೆಲಕ್ಕೆ ಬಿದ್ದು ಅಳುವನು. ಅವಸರದ ಚಿತ್ರದಲ್ಲಿ ಇದು ಹೇಡಿತನವಾಗಿ ಕಾಣುತ್ತಿದ್ದಿತು. ಇಲ್ಲಿ ಅವನೊಡನೆ ಅಷ್ಟು ದೂರ ನಡೆದು ಬಂದ ಪ್ರೇಕ್ಷಕನಿಗೆ ಅವನನ್ನು ಹಳಿಯಲು ಮನಸ್ಸು ಬಾರದು. ಅವನ ಸ್ಥಾನಕ್ಕೆ ಬರುವ ಟೈನನ ಪಾತ್ರದಲ್ಲಿ ಡೇನಾ ಆಂಡ್ರೂಸನ ಅಭಿನಯವೂ ಮಿತವಾದುದು.

ಇನ್ನು ದೋಷದ ಮಾತು. ವಿಂಡಿ ಎಂಬವನು ತಂಗಿಗೆ ಬರೆಯಬೇಕಾದ ಪತ್ರವನ್ನು ಮನಸ್ಸಿನಲ್ಲಿಯೇ ಹೆಣೆಯುವನು. ರಿವೇರ ಮತ್ತು ಫ್ರೀಡ್‌ಮನ್ನರು ಒಂದೇ ಚೇಷ್ಟೆಯ ಮಾತನ್ನು ಪದೇಪದೇ ಆಡುವರು. ದಣಿದವರ ಮಾತು ಹೀಗೆ ಸುತ್ತುವುದು ನಿಜ. ಆದರೆ ಅದು ಪಲ್ಲವಿಯಂತೆ ಲೆಕ್ಕವಿಟ್ಟು ಮರಳಿದಾಗ ಲೇಖಕನ ಕೈ ಕಾಣಿಸುವುದು. ಇದಕ್ಕಿಂತ ಹೆಚ್ಚಿನ ತೊಡಕು ನಡುನಡುವೆ ಕೇಳಿಬರುವ ಲಾವಣಿಯದು. ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದು ದೋಷವೆಂದು ಭಾರತೀಯ ಆಲಂಕಾರಿಕರು ಎಣಿಸಿದರು. ಧೂಳು ಹಿಡಿದ ಮುಖಗಳು ಆಗಲೇ ತಿಳಿಸಿದುದನ್ನು ಗಾಯಕನು ಮತ್ತೆ ವಿವರಿಸುವುದು ಅಂಥದೇ ದೋಷ. ಇದೇ ಮೈಲ್‌ಸ್ಟೋನನು 1930ರಲ್ಲಿ ರೆಮಾರ್ಕನ ಕಾದಂಬರಿಯಿಂದ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ತೆಗೆದಾಗ ಇಂತಹ ಊರುಗೋಲನ್ನು ಬೇಡಲಿಲ್ಲ. ಅಲ್ಲಿ ಸತ್ತವನ ಬೂಟುಗಳು ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ ಹೋಗುವವು. ಯಾರೂ ವ್ಯಾಖ್ಯಾನ ಮಾಡುವುದಿಲ್ಲ.

ಕಡೆಯ ಮುತ್ತಿಗೆಯಲ್ಲಿ ಮಾತ್ರ ನಿರ್ದೇಶಕನ ಹಳೆಯ ಬಿಗಿ ಮರಳಿ ಬರುವುದು. ತೋಟದ ಮನೆಯ ಮುಂದಿರುವುದು ಒಂದು ಬಯಲು ಅಷ್ಟೆ. ಟೈನನು ಅದನ್ನು ತೆವಳಿಕೊಂಡು ದಾಟತೊಡಗುವನು. ಬೆಳಗಿನಿಂದ ನಡೆದ ಆರು ಮೈಲಿಯನ್ನು ಪ್ರೇಕ್ಷಕನು ಅನುಭವಿಸದೆ ಇದ್ದಿದ್ದರೆ, ಆ ಕೆಲವೇ ಗಜಗಳು ಅಷ್ಟು ದೂರವಾಗಿ ತೋರುತ್ತಿರಲಿಲ್ಲ.