ದೋಣಿಯಲ್ಲಿ ಮಲಗಿದ್ದ ಕೆರೆನ್

ಡೇನಿಯಲ್ ಎವರೆಟ್ ಅವರ ‘ಡೋಂಟ್ ಸ್ಲೀಪ್, ದೇರ್ ಆರ್ ಸ್ನೇಕ್ಸ್’ (2008) ಪುಸ್ತಕದ ಬಗ್ಗೆ ನೀವು ಕೇಳಿದ್ದರೆ ಬಹುಶಃ ಒಂದೇ ಕಾರಣಕ್ಕೆ: ಅಮೆಜಾನ್ ಕಾಡಿನ ಪಿರಹಾ ಭಾಷೆಯಲ್ಲಿ ಸಂಖ್ಯೆಗಳೇ ಇಲ್ಲ ಅನ್ನೋ ವಾದ. ದಿನವಿಡೀ ಅಂಕಿಗಳ ಜೊತೆ ಏಗುವ ನಾನೂ ಅದಕ್ಕೇ ಕೈಗೆತ್ತಿಕೊಂಡೆ. ಆದರೆ ಮನಸ್ಸಲ್ಲಿ ಉಳಿದದ್ದು ಒಂದು ದೋಣಿ.

ಎವರೆಟ್ 1977ರಲ್ಲಿ ಬ್ರೆಜಿಲ್‌ನ ಮೈಸಿ ನದಿಯ ದಡಕ್ಕೆ ಹೋದದ್ದು ಬೈಬಲ್ ಅನುವಾದಕ್ಕೆ. ಮುಂದೆ ಹೆಂಡತಿ ಕೆರೆನ್, ಮೂವರು ಪುಟ್ಟ ಮಕ್ಕಳೂ ಜೊತೆಗಿದ್ದರು. ಕೆರೆನ್‌ಗೂ ದೊಡ್ಡ ಮಗಳಿಗೂ ಬಂದದ್ದು ಮಲೇರಿಯಾ. ಇವರು ಟೈಫಾಯ್ಡ್ ಅಂದುಕೊಂಡರು. ಕೊನೆಗೆ ಇಬ್ಬರನ್ನೂ ದೋಣಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರು. ಆ ಅಧ್ಯಾಯವನ್ನು ಉಸಿರು ಬಿಗಿಹಿಡಿದೇ ಓದ್ತೀರಿ.

ಪಿರಹಾ ಜನ ಕೇಳಿದ್ದು ಇಷ್ಟೇ: ಈ ಯೇಸುವನ್ನು ನೀನು ನೋಡಿದ್ದೀಯಾ? ಇಲ್ಲ. ನಿಮ್ಮಪ್ಪ? ಅವನೂ ಇಲ್ಲ. ಕಣ್ಣಾರೆ ಕಂಡವರ ಮಾತಿಗಷ್ಟೇ ಅಲ್ಲಿ ಬೆಲೆ. ಅನುವಾದಕ್ಕೆ ಪದಗಳು ಸಿಕ್ಕವು, ಕೇಳುವವರು ಸಿಗಲಿಲ್ಲ. ಎವರೆಟ್ ನಂಬಿಕೆ ಕಳೆದುಕೊಂಡರು, ಸಂಸಾರವೂ ಮುರಿಯಿತು.

ನನ್ನ ತಕರಾರು ಇಲ್ಲಿದೆ. ಅವರ ನಂಬಿಕೆ ಹೋದ ಬಗೆ ಪುಸ್ತಕದಲ್ಲಿದೆ; ಕೆರೆನ್ ನಂಬಿಕೆ ಉಳಿದ ಬಗೆ ತಿಳಿಯೋದಿಲ್ಲ. ಆಕೆ ಅದೇ ಜನರ ನಡುವೆ ಕೆಲಸ ಮುಂದುವರಿಸಿದರು. ಈ ಭಾಷೆಗೆ ಹಾಡೇ ಬೀಗದ ಕೈ ಅನ್ನೋದು ಅವರ ಅಭಿಪ್ರಾಯ. ಅಜ್ಜಿಯ ಲಾಲಿಯಲ್ಲಿ ಕನ್ನಡ ಕೇಳಿ ಬೆಳೆದ ನಿಮಗೆ ಇದು ವಿಚಿತ್ರ ಅನಿಸಲಾರದು.

ಪುಸ್ತಕ ಖಂಡಿತ ಓದಿ. ಓದುತ್ತಾ ಪಿರಹಾ ಜನರ ಹಾಗೇ ಕೇಳಿ: ಕಣ್ಣಾರೆ ಕಂಡ ಇನ್ನೊಬ್ಬರು ಏನಂತಾರೆ?